ರಾ ಮಿಲ್ ನಿಂತ ಹೊತ್ತು

ಚಿ. ಮೇಘಾಗೆ ದೊಡ್ಡಪ್ಪನ ಆಶೀರ್ವಾದ.

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ನಾನು ಬರೆಯುತ್ತಿರುವುದು ನಿಮ್ಮ ಸಿಮೆಂಟ್ ಕಾರ್ಖಾನೆಯ ಮಾತು. "ರಾ ಮಿಲ್ ನಿಂತ ಕೂಡಲೇ ಚಿಮಣಿಯ ರೀಡಿಂಗ್ ಏರುತ್ತದೆ, ನಾವು ಊರಿನ ಮೇಲೆ ವಿಷ ಬಿಡುತ್ತಿದ್ದೇವಾ?" ಎಂದು ಪತ್ರದ ಕೊನೆಗೆ ಕೇಳಿದ್ದೀಯಲ್ಲ, ಅದೇ ನನ್ನನ್ನು ಕಾಡುತ್ತಿದೆ. ನಿನ್ನ ಭಯ ಸುಳ್ಳಲ್ಲ.

ಕಲ್ಲು ಅರೆಯುವ ಈ ರಾ ಮಿಲ್ ಓಡುವಾಗ ಕಿಲ್ನ್ (ಕಲ್ಲಿನ ಪುಡಿ ಸುಡುವ ಕುಲುಮೆ) ಗ್ಯಾಸ್ ಅರೆದ ಸುಣ್ಣಕಲ್ಲಿನ ನಡುವೆ ಹಾದು ಸುಮಾರು 100 ಡಿಗ್ರಿಗೆ ಇಳಿಯುತ್ತದೆ. ಸಲ್ಫರ್ ಡೈಆಕ್ಸೈಡ್, ಅಮೋನಿಯಾ, ಪಾದರಸ ಬಹಳಷ್ಟು ಆ ಪುಡಿಗೇ ಅಂಟುತ್ತವೆ. ಪಾದರಸ ಅಲ್ಲಿಗೆ ಮುಗಿಯುವುದಿಲ್ಲ. ಪುಡಿಯ ಜೊತೆ, ಅದನ್ನು ಬಿಸಿಮಾಡುವ ಪ್ರೀಹೀಟರ್‌ಗೆ ಹೋಗಿ, ಆವಿಯಾಗಿ, ಮತ್ತೆ ಮಿಲ್ಲಿಗೇ ಬರುತ್ತದೆ. ಒಂದೊಂದು ಸುತ್ತಿಗೂ ಕೂಡುತ್ತ ಹೋಗುತ್ತದೆ. ಮಿಲ್ ನಿಂತಿತೋ, ಹಿಡಿದಿಡುವ ಪುಡಿ ಇಲ್ಲ, ಗ್ಯಾಸೂ ಬಿಸಿ. ಕೂಡಿದ್ದರಲ್ಲಿ ಬಹಳಷ್ಟು ಚಿಮಣಿ ಹತ್ತುತ್ತದೆ. ನಿನ್ನ ಪರದೆಯಲ್ಲಿ ಕಂಡದ್ದು ಸಲ್ಫರ್. ಪರದೆಗೆ ಬಾರದ ಪಾದರಸದ್ದೇ ನನಗೆ ಹೆಚ್ಚು ಚಿಂತೆ.

ನಮ್ಮ ಕಾಲದಲ್ಲಿ ಧೂಳಿನದೊಂದೇ ಮಾತು. ಕಾರ್ಬನ್ ಮೊನಾಕ್ಸೈಡ್ ಏರಿದರೆ ಸ್ಫೋಟವಾದೀತೆಂದು, ವಿದ್ಯುತ್ತಿನಿಂದ ಧೂಳು ಹಿಡಿಯುವ ಇಎಸ್‌ಪಿ ಟ್ರಿಪ್ ಆಗುತ್ತಿತ್ತು, ಸುತ್ತಲ ತೊಗರಿ ಹೊಲ ಬೆಳ್ಳಗಾಗುತ್ತಿತ್ತು. ಕಣ್ಣಿಗೆ ಕಾಣದ್ದನ್ನು ಅಳೆಯುವವರೇ ಇರಲಿಲ್ಲವಲ್ಲ ಎಂದು ಈಗಲೂ ಸಂಕಟವಾಗುತ್ತದೆ.

ನಿನಗೆ ಗೊತ್ತಿರುವುದನ್ನೇ ಹೇಳುತ್ತಿರಬಹುದು, ಬೇಜಾರು ಮಾಡಿಕೊಳ್ಳಬೇಡ. ಮಿಲ್ ನಿಂತ ಮೇಲೆ 300 ಡಿಗ್ರಿ ದಾಟಿದ ಗ್ಯಾಸನ್ನು ಇಳಿಸುವುದು ಜಿಸಿಟಿಯ (ಗ್ಯಾಸ್ ತಣಿಸುವ ಗೋಪುರದ) ನೀರೇ. ನಾಜಲ್ ಅರ್ಧ ಕಟ್ಟಿದರೆ ಹನಿ ದಪ್ಪವಾಗಿ ತಳದಲ್ಲಿ ಕೆಸರು ಬೀಳುತ್ತದೆ, ಗ್ಯಾಸ್ ಮಾತ್ರ ಬಿಸಿಯಾಗಿಯೇ ಉಳಿಯುತ್ತದೆ. 200ರಿಂದ 450 ಡಿಗ್ರಿಯ ನಡುವೆ ತಂಗಿದರೆ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುವ ಭಯ ಬೇರೆ. ಮಿಲ್ ನಿಲ್ಲಿಸುವ ಮುಂಚೆಯೇ ಲ್ಯಾನ್ಸ್ (ನೀರು ಚಿಮ್ಮಿಸುವ ಕೊಳವೆ) ಎಳೆದು ನಾಜಲ್ ನೋಡಿಸು. ಚೀಲಗಳಲ್ಲಿ ಧೂಳು ಸೋಸುವ ಬ್ಯಾಗ್ ಹೌಸ್ ಬಾಯಲ್ಲಿ 140ರ ಆಸುಪಾಸು ಇದ್ದರೆ ಒಳ್ಳೆಯದು; ತೀರಾ ಇಳಿಸಿದರೆ ತೇವಕ್ಕೆ ಚೀಲ ಮೆತ್ತಿಕೊಳ್ಳುತ್ತದೆ.

ಆ ಹೊತ್ತಿನ ಬ್ಯಾಗ್ ಹೌಸ್ ಧೂಳಿನಲ್ಲೇ ಪಾದರಸ ಹೆಚ್ಚು. ಅದನ್ನು ಕಲ್ಲಿನ ಪುಡಿಯ ಸೈಲೋಗೆ ಮರಳಿ ಬಿಟ್ಟರೆ ಮತ್ತೆ ಅದೇ ಸುತ್ತು. ಬೇರೆ ಬಿನ್ನಿಗೆ ತಿರುಗಿಸಿ, ಕ್ಲೋರೈಡ್ ಮತ್ತು ಕ್ಷಾರ ಲ್ಯಾಬಿನಲ್ಲಿ ನೋಡಿಸಿ, ಸಿಮೆಂಟ್ ಮಿಲ್ಲಿಗೆ ಸ್ವಲ್ಪ ಸ್ವಲ್ಪ ಸೇರಿಸಬಹುದೇ ಎಂದು ಕೇಳು. ನಿಮ್ಮಲ್ಲಿ ಆ ಲೈನ್ ಇರಲಿಕ್ಕಿಲ್ಲ, ಆದರೂ ಕೇಳು.

ನಾಕ್ಸ್ (ನೈಟ್ರೋಜನ್ ಆಕ್ಸೈಡುಗಳು) ಇಳಿಯಲಿಲ್ಲವೆಂದು ಅಮೋನಿಯಾ ನೀರು ಏರಿಸುತ್ತಲೇ ಹೋಗಬೇಡ. ಅದು ಕೆಲಸ ಮಾಡುವುದು 850ರಿಂದ 1050 ಡಿಗ್ರಿಯೊಳಗೆ. ಕೆಳಗಿದ್ದರೆ ಹಾಗೇ ಜಾರಿಹೋಗುತ್ತದೆ, ಮೇಲಿದ್ದರೆ ತಾನೇ ನಾಕ್ಸ್ ಆಗುತ್ತದೆ. ಜಾರಿದ್ದು ಮಿಲ್ ಓಡುವಾಗ ಗೊತ್ತಾಗುವುದಿಲ್ಲ, ನಿಂತಾಗಲೇ ಹೊರಬೀಳುತ್ತದೆ. ಸಲ್ಫರ್‌ಗೆ ಮೊದಲು ಕಲ್ಲಿನ ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ನೋಡು. ಪೈರೈಟ್ ಸಲ್ಫರ್ ಶೇ. 0.25ರೊಳಗಿದ್ದರೆ ಮಿತಿ ಘನ ಮೀಟರಿಗೆ 100 ಮಿ.ಗ್ರಾಂ, ದಾಟುತ್ತಿದ್ದರೆ ಪ್ರೀಹೀಟರಿನ ಮೇಲಿನ ಸೈಕ್ಲೋನ್ ಡಕ್ಟಿಗೆ ಅರಳಿದ ಸುಣ್ಣದ ಪುಡಿ ಬಿಡಬೇಕಾಗುತ್ತದೆ.

ನಿಮ್ಮಲ್ಲಿ ತ್ಯಾಜ್ಯ ಸುಡುವುದರಿಂದ ಪಾದರಸದ ಮಿತಿ ಘನ ಮೀಟರಿಗೆ 0.05 ಮಿ.ಗ್ರಾಂ. ಮಿಲ್ ಓಡುವಾಗ ತೆಗೆದ ಸ್ಯಾಂಪಲ್ ನಿನ್ನ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ನಿಂತ ಹೊತ್ತಿನದೂ ಒಂದು ತೆಗೆಸು, ಅಂಕಿ ಬಂದ ಮೇಲೆ ನನಗೆ ಬರೆ.

ನಿನ್ನ ದೊಡ್ಡಪ್ಪ