ಫೆಲೊಶಿಪ್ ಕೈಗೆ ಬರುವ ತನಕ ಬದುಕುವುದು ಹೇಗೆ?

ಮಾನ್ಯ ಸಂಪಾದಕರೇ,

ಪಿಎಚ್.ಡಿ. ಪ್ರವೇಶದ ಅಧಿಸೂಚನೆ ಹೊರಬಿದ್ದಾಗಲೆಲ್ಲ ನಮ್ಮ ಭಾಗದಲ್ಲಿ ಚರ್ಚೆ ನಡೆಯುವುದು ಮೀಸಲಾತಿ ರೋಸ್ಟರ್ ಬಗ್ಗೆ. ಪರಿಶಿಷ್ಟ ಜಾತಿಗೆ ಎಷ್ಟು ಸೀಟು, ಪಂಗಡಕ್ಕೆ ಎಷ್ಟು, ಪ್ರವರ್ಗ–1ಕ್ಕೆ ಎಷ್ಟು ಎಂದು. ಆ ಚರ್ಚೆ ಬೇಕೇ ಬೇಕು. ಆದರೆ ಸೀಟು ಸಿಕ್ಕ ಮೇಲಿನ ಮೊದಲ ವರ್ಷವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ವಿಜ್ಞಾನ, ಎಂಜಿನಿಯರಿಂಗ್ ವಿಭಾಗಗಳಲ್ಲಿ ಈ ಸಮುದಾಯಗಳ ಮಕ್ಕಳು ಸಂಶೋಧನೆ ಕೈಬಿಡುವುದನ್ನು ನಾವು ಹೆಚ್ಚಾಗಿ ಕಂಡಿರುವುದು ಆ ವರ್ಷದಲ್ಲೇ. ಬುದ್ಧಿ ಸಾಲದೆ ಅಲ್ಲ, ಖರ್ಚಿಗೆ ಕಾಸಿಲ್ಲದೆ.

ರಾಯಚೂರು ಜಿಲ್ಲೆಯನ್ನೇ ತೆಗೆದುಕೊಳ್ಳಿ. 2011ರ ಜನಗಣತಿಯಂತೆ ಇಲ್ಲಿ ಪರಿಶಿಷ್ಟ ಪಂಗಡದವರು ಸುಮಾರು ಶೇ 19. ಇವರಿಗೆ ಕೇಂದ್ರ ಬುಡಕಟ್ಟು ಸಚಿವಾಲಯದ ರಾಷ್ಟ್ರೀಯ ಫೆಲೊಶಿಪ್ (ಸಂಶೋಧನೆಗೆ ಕೊಡುವ ತಿಂಗಳ ವೇತನ) ಇದೆ. ದೇಶಕ್ಕೆಲ್ಲ ವರ್ಷಕ್ಕೆ 750. ಅದಕ್ಕೆ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬೇಕಿಲ್ಲ, ಸ್ನಾತಕೋತ್ತರ ಅಂಕಗಳ ಮೇಲೆ ಆಯ್ಕೆ. ಆದರೆ ಅರ್ಜಿ ಹಾಕುವ ಹೊತ್ತಿಗೆ ಪಿಎಚ್.ಡಿ. ನೋಂದಣಿ ಆಗಿರಬೇಕು. ಸಂದರ್ಶನ ಮುಗಿದರೂ ನೋಂದಣಿ ಪತ್ರ ಮೂರು–ನಾಲ್ಕು ತಿಂಗಳು ಕಡತದಲ್ಲೇ ಕುಳಿತರೆ ಪೋರ್ಟಲ್ ಮುಚ್ಚಿರುತ್ತದೆ. ಒಂದು ಸಹಿ ತಡವಾಗಿದ್ದಕ್ಕೆ ವಿದ್ಯಾರ್ಥಿಯ ಒಂದು ವರ್ಷ ಹೋಯಿತು.

ಪರಿಶಿಷ್ಟ ಜಾತಿಯವರ ಫೆಲೊಶಿಪ್ ವರ್ಷಕ್ಕೆ 2000. ಅದರಲ್ಲಿ ವಿಜ್ಞಾನಕ್ಕೆ ಇರುವುದು 500 ಮಾತ್ರ, ಅದೂ ನೆಟ್ ಮೂಲಕ. ಸಿಎಸ್‌ಐಆರ್ ನೆಟ್‌ನಲ್ಲಿ ಸಿವಿಲ್, ಮೆಕ್ಯಾನಿಕಲ್‌ಗೆ ಪತ್ರಿಕೆಯೇ ಇಲ್ಲ. ಅಂದರೆ ಎಂ.ಟೆಕ್ ಮುಗಿಸಿ ಇಲ್ಲಿಯೇ ಯಾವುದೋ ಸಂಶೋಧನಾ ಕೇಂದ್ರದಲ್ಲಿ ಸೇರಿದ ಹುಡುಗಿಗೆ ಈ ಬಾಗಿಲು ಮುಚ್ಚಿದಂತೆಯೇ. ಅಲ್ಪಸಂಖ್ಯಾತರಿಗಿದ್ದ ಮೌಲಾನಾ ಆಜಾದ್ ಫೆಲೊಶಿಪ್ 2022–23ರಿಂದ ನಿಂತೇ ಹೋಯಿತು. 2024ರ ಜೂನ್‌ನಿಂದ ನೆಟ್‌ನಲ್ಲಿ ‘ಪಿಎಚ್.ಡಿ.ಗೆ ಮಾತ್ರ ಅರ್ಹ’ ಎಂಬ ಹೊಸ ವರ್ಗವೂ ಬಂದಿದೆ. ಅದರಲ್ಲಿ ಪಾಸಾದವರಿಗೆ ಒಂದು ವರ್ಷದ ಒಳಗೆ ಪ್ರವೇಶ ಸಿಗಬಹುದು, ಹಣ ಸಿಗುವುದಿಲ್ಲ. ಪಾಸಾದೆ ಎಂದು ಊರಲ್ಲಿ ಸಿಹಿ ಹಂಚಿದ ಮನೆಯವರಿಗೆ ಈ ವ್ಯತ್ಯಾಸ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಫೆಲೊಶಿಪ್ ಮಂಜೂರಾದವರ ಪಾಡೂ ನೋಡಬೇಕು. ಮೊದಲ ಎರಡು ವರ್ಷ ತಿಂಗಳಿಗೆ 37,000, ನಂತರ 42,000 ರೂಪಾಯಿ. ಕಾಗದದ ಮೇಲೆ ಒಳ್ಳೆಯ ಮೊತ್ತ. ಆದರೆ ಹಣ ತಾನಾಗಿ ಬರುವುದಿಲ್ಲ. ವಿದ್ಯಾರ್ಥಿ ಕೆಲಸದಲ್ಲಿದ್ದಾನೆ ಎಂದು ಪ್ರತಿ ತಿಂಗಳು ವಿಶ್ವವಿದ್ಯಾಲಯವೇ ಪೋರ್ಟಲ್‌ನಲ್ಲಿ ದೃಢೀಕರಿಸಬೇಕು. ಒಬ್ಬ ಸಿಬ್ಬಂದಿ ‘ಮೇಕರ್’ ಆಗಿ ವಿವರ ತುಂಬುತ್ತಾರೆ, ಇನ್ನೊಬ್ಬರು ‘ಚೆಕರ್’ ಆಗಿ ಒಪ್ಪುತ್ತಾರೆ. ಇಬ್ಬರಲ್ಲಿ ಒಬ್ಬರು ರಜೆ ಹಾಕಿದರೆ, ಪರೀಕ್ಷಾ ಕೆಲಸಕ್ಕೆ ಹೋದರೆ, ವರ್ಗವಾಗಿ ಪಾಸ್‌ವರ್ಡ್ ಹಸ್ತಾಂತರ ಆಗದಿದ್ದರೆ ಆ ತಿಂಗಳ ಹಣ ನಿಂತಿತು. ಆಧಾರ್‌ನಲ್ಲಿ ‘ನಾಯಕ’, ಅಂಕಪಟ್ಟಿಯಲ್ಲಿ ‘ನಾಯ್ಕ’ ಎಂದಿದ್ದರೂ ಇದೇ ಗತಿ. ಎರಡು ವರ್ಷ ತುಂಬಿದಾಗ ಹಿರಿಯ ಫೆಲೊಶಿಪ್‌ಗೆ ಏರಿಸಲು ಮೌಲ್ಯಮಾಪನ ಸಮಿತಿ ಸೇರಬೇಕು, ಅದಕ್ಕೆ ಹೊರಗಿನ ತಜ್ಞರ ದಿನಾಂಕ ಹೊಂದಿಸುವಷ್ಟರಲ್ಲಿ ಮತ್ತೆರಡು ತಿಂಗಳು. ಹಿಂಬಾಕಿ ಒಟ್ಟಿಗೆ ಬರುತ್ತದೆ ನಿಜ. ಅಷ್ಟರಲ್ಲಿ ಹುಡುಗ ಖಾಸಗಿ ಪಿಯು ಕಾಲೇಜಿನಲ್ಲಿ ಪಾಠ ಹಿಡಿದಿರುತ್ತಾನೆ, ಲ್ಯಾಬಿನಲ್ಲಿ ಅವನ ಮಾದರಿಗಳು ಹಾಳಾಗಿರುತ್ತವೆ.

ಇದಕ್ಕೆ ಮದ್ದು ದುಬಾರಿಯದಲ್ಲ. ಪ್ರತಿ ವಿಶ್ವವಿದ್ಯಾಲಯವೂ ಒಂದು ಮುಂಗಡ ನಿಧಿ ಇಡಲಿ. ಹತ್ತು ವಿದ್ಯಾರ್ಥಿಗಳಿಗೆ ತಿಂಗಳಿಗೆ 15,000ದಂತೆ ಆರು ತಿಂಗಳು ಕೊಟ್ಟರೆ 9 ಲಕ್ಷ ರೂಪಾಯಿ. ಫೆಲೊಶಿಪ್ ಮಂಜೂರಾದವರಿಂದ ಹಿಂಬಾಕಿ ಬಂದ ದಿನ ಅದು ವಾಪಸಾಗುತ್ತದೆ, ಮುಂದಿನ ತಂಡಕ್ಕೆ ಅದೇ ಹಣ ಓಡುತ್ತದೆ. ಫೆಲೊಶಿಪ್ಪೇ ಇಲ್ಲದವರಿಗೆ ಮಾತ್ರ ಪೂರ್ತಿ ವೇತನ ಬೇಕು, ಅದನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಹೊರಲಿ. ಕಟ್ಟಡಗಳಿಗೆ ಕೊಡುವ ಮಂಡಳಿಗೆ ಇದು ಭಾರವಾಗದು ಎಂಬುದು ನಮ್ಮ ಅಭಿಪ್ರಾಯ. ಮೇಕರ್, ಚೆಕರ್ ಇಬ್ಬರಿಗೂ ಬದಲಿ ಸಿಬ್ಬಂದಿಯನ್ನು ಆದೇಶದಲ್ಲೇ ಹೆಸರಿಸಲಿ, ತಿಂಗಳ ಮೊದಲ ವಾರದಲ್ಲೇ ದೃಢೀಕರಣ ಮುಗಿಯಲಿ.

ಇನ್ನು ಗೈಡ್ ಸಮಸ್ಯೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮದಂತೆ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗಷ್ಟೇ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ, ಅತಿಥಿ ಉಪನ್ಯಾಸಕರಂತೂ ಗೈಡ್ ಆಗುವಂತೆಯೇ ಇಲ್ಲ. ಕಾಯಂ ಹುದ್ದೆ ಖಾಲಿ ಬಿಟ್ಟು ಅತಿಥಿಗಳಿಂದಲೇ ವಿಭಾಗ ನಡೆಸಿದರೆ ಮೀಸಲು ಸೀಟು ತಾನಾಗಿ ಮಾಯವಾಗುತ್ತದೆ. ಹುದ್ದೆ ತುಂಬುವುದು ಪಿಎಚ್.ಡಿ. ಮೀಸಲಾತಿಯ ಪ್ರಶ್ನೆಯೂ ಹೌದು.

ಉಪಕರಣದ ಕೊರತೆಗೆ ದಾರಿಯಿದೆ, ಹೇಳುವವರು ಬೇಕು. 2020ರಲ್ಲಿ ಆರಂಭವಾದ ಐ–ಸ್ಟೆಮ್ ಪೋರ್ಟಲ್‌ನಲ್ಲಿ ದೇಶದ ಸರ್ಕಾರಿ ಪ್ರಯೋಗಾಲಯಗಳ ಉಪಕರಣಗಳನ್ನು ಕಾಯ್ದಿರಿಸಬಹುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಇಂಥ ಸೌಲಭ್ಯ ಕೇಂದ್ರವಿದೆ. ಆದರೆ ವಿಜ್ಞಾನ ವಿದ್ಯಾರ್ಥಿಗೆ ಸಾದಿಲ್ವಾರು ಅನುದಾನ ಮೊದಲ ಎರಡು ವರ್ಷ ವರ್ಷಕ್ಕೆ 12,000 ಮಾತ್ರ. ರಾಸಾಯನಿಕ, ಪರೀಕ್ಷಾ ಶುಲ್ಕ, ಬಸ್ ಚಾರ್ಜು ಎಲ್ಲ ಅದರಲ್ಲೇ. ಹಾಗಾಗಿ ಮಾದರಿಗಳನ್ನು ಒಂದೊಂದಾಗಿ ಕಳಿಸದೆ ವಿಭಾಗದ ಎಲ್ಲರ ಮಾದರಿ ಒಟ್ಟುಗೂಡಿಸಿ, ಒಣಗಿಸಿ, ಬಾಟಲಿಗೆ ನಂಬರ್ ಬರೆದು, ಎರಡು ತಿಂಗಳಿಗೊಮ್ಮೆ ಒಬ್ಬರೇ ಒಯ್ಯುವ ವ್ಯವಸ್ಥೆ ವಿಭಾಗವೇ ಮಾಡಬೇಕು.

ಕೊನೆಯದಾಗಿ ಭಾಷೆ. ಕನ್ನಡ ಮಾಧ್ಯಮದಿಂದ ಬಂದವರು ಸಿನಾಪ್ಸಿಸ್ (ಸಂಶೋಧನೆಯ ಸಾರಾಂಶ) ಬರೆಯುವಾಗ ತಡವರಿಸಿದರೆ ವಿಷಯ ಗೊತ್ತಿಲ್ಲ ಎಂದು ತೀರ್ಮಾನಿಸಬೇಡಿ. ಕೋರ್ಸ್‌ವರ್ಕ್ ನಡೆಯುವಾಗಲೇ ವಾರಕ್ಕೊಂದು ಪುಟ ಬರೆಸಿ, ಗೈಡ್ ಎದುರಿಗೆ ಕೂರಿಸಿಕೊಂಡು ತಿದ್ದಲಿ. ಮೊದಲು ಕನ್ನಡದಲ್ಲಿ ಬಾಯಿಮಾತಿನಲ್ಲಿ ಹೇಳಿಸಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಸಿದರೆ ಆರು ತಿಂಗಳಿಗೊಮ್ಮೆ ಸಲಹಾ ಸಮಿತಿ ಎದುರು ನಿಲ್ಲುವಾಗ ಅವರ ಕಾಲು ನಡುಗುವುದಿಲ್ಲ.

— ಸಂಶೋಧನಾ ಮಾರ್ಗದರ್ಶಕರ ಬಳಗ, ರಾಯಚೂರು