ಮಳೆಗೆ ಮುಂಚೆ ಹೊಡೆಯುವ ಔಷಧಿ

ಪ್ರೀತಿಯ ಗೆಳೆಯಾ,

ಕರ್ತನಾದ ಯೇಸುವಿನ ನಾಮದಲ್ಲಿ ವಂದನೆಗಳು. ನಿನ್ನ ಪತ್ರ ಮೊನ್ನೆ ಕೈಸೇರಿತು. ಇಪ್ಪತ್ತೆರಡು ದಿನ ಅಡಿಕೆ, ಹೊಗೆಸೊಪ್ಪು ಬಿಟ್ಟಿದ್ದವನು ಇಪ್ಪತ್ಮೂರನೆಯ ದಿನ ಮತ್ತೆ ಬಾಯಿಗೆ ಹಾಕಿಕೊಂಡೆ, ಅಂದಿನಿಂದ ಪ್ರಾರ್ಥನೆಗೆ ಕೂರಲು ಮುಖವಿಲ್ಲ ಎಂದು ಬರೆದಿದ್ದೀಯ. ಆ ಸಾಲು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾನೂ ಅದೇ ದಾರಿಯಲ್ಲಿ ಬಂದವನು. ನಿನಗೆ ಪೂರ್ತಿ ಹೇಳಿರಲಿಲ್ಲ, ಈಗ ಹೇಳುತ್ತೇನೆ.

ನಮ್ಮ ತೋಟವನ್ನು ನೀನು ಕಂಡಿದ್ದೀಯ. ತೀರ್ಥಹಳ್ಳಿ ಕಡೆ ಊಟವಾದ ಮೇಲೆ ಎಲೆಯಡಿಕೆ ತಟ್ಟೆ ಬಾರದಿದ್ದರೆ ಊಟ ಮುಗಿದ ಹಾಗಲ್ಲ. ನನ್ನ ಓದು, ಅಕ್ಕನ ಮದುವೆ, ಮನೆಗೆ ಹೊದಿಸಿದ ಹೆಂಚು ಎಲ್ಲವೂ ಅಡಿಕೆಯ ದುಡ್ಡಿನಿಂದ ಆದವು. ಅಡಿಕೆಯಲ್ಲಿ ಕೆಡುಕಿದೆ ಎಂದು ಯಾರಾದರೂ ಅಂದರೆ ಅಪ್ಪನನ್ನೇ ಬೈದಂತೆ ನೋವಾಗುತ್ತಿತ್ತು. ಹೊಗೆಸೊಪ್ಪು ಸೇರದ ಅಡಿಕೆಯೂ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿದೆ. ನಾನಾದರೋ ಹೊಗೆಸೊಪ್ಪು ಸೇರಿಸಿಯೇ ಹಾಕುತ್ತಿದ್ದೆ, ದಿನಕ್ಕೆ ಎಂಟು ಹತ್ತು ಸಲ. ಕಚೇರಿಯಲ್ಲಿ ತಟ್ಟೆ ಎಲ್ಲಿ ಸಿಗಬೇಕು? ಅಲ್ಲಿಗೆ ಪೊಟ್ಟಣ ಬಂತು.

ಬಾಯಿ ಕೆಡುತ್ತಿದೆ ಎಂದು ಮೊದಲು ತಿಳಿಸಿದ್ದು ಮಾವಿನ ಮಿಡಿ. ಅಮ್ಮ ಹಾಕಿದ ಉಪ್ಪಿನಕಾಯಿ ನಾಲಿಗೆಗೆ ತಾಗಿದ್ದೇ ತಡ, ಬಾಯೆಲ್ಲ ಬೆಂಕಿ. ಈ ಸಲ ಖಾರ ಹೆಚ್ಚಾಗಿದೆ ಎಂದು ಅಮ್ಮನ ಮೇಲೆ ಹೊರಿಸಿದೆ. ಮನೆಯವರೆಲ್ಲ ಸುಮ್ಮನೆ ಅದನ್ನೇ ತಿನ್ನುತ್ತಿದ್ದರು. ಕೊನೆಗೆ ಶಿವಮೊಗ್ಗದಲ್ಲಿ ದಂತ ವೈದ್ಯರ ಬಳಿ ಹೋದಾಗ ಅವರು ಮಾತಾಡದೆ ತಮ್ಮ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ನಿಲ್ಲಿಸಿ ತೋರಿಸಿದರು: "ನಿಮ್ಮ ಬೆರಳುಗಳನ್ನು ಹೀಗೇ ಬಾಯಲ್ಲಿಡಿ." ಎರಡು ಹೋದವು. ಮೂರನೆಯದು ಹಲ್ಲಿಗೆ ತಡೆದು ನಿಂತಿತು. ಕೆನ್ನೆಯ ಒಳಚರ್ಮ ನಾರುಗಟ್ಟಿ ಬಿಗಿಯುತ್ತಿದೆ, ಈಗ ಬಿಟ್ಟರೂ ಪೂರ್ತಿ ಮೊದಲಿನಂತಾಗುವುದು ಕಷ್ಟ, ಬಿಡದಿದ್ದರೆ ಮುಂದಿನದು ಕ್ಯಾನ್ಸರ್ ಆಗಬಹುದು ಎಂದರು. ಆ ಭಾನುವಾರ ಆರಾಧನೆಯಲ್ಲಿ ಕೀರ್ತನೆ ಹಾಡುವಾಗ ಬಾಯಿ ಎಷ್ಟು ತೆರೆಯುತ್ತದೆ ಎಂಬುದರ ಮೇಲೆಯೇ ನನ್ನ ಗಮನ. ದೇವರನ್ನು ಸ್ತುತಿಸಲು ಕೊಟ್ಟ ಬಾಯನ್ನು ನಾನೇ ಮುಚ್ಚುತ್ತಿದ್ದೇನೆ ಎನ್ನಿಸಿ ಕಣ್ಣು ತುಂಬಿತು.

ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು, ಲೆಂಟ್ ಕಾಲ ಬಂತು. ನಲವತ್ತು ದಿನ ಮುಟ್ಟುವುದಿಲ್ಲವೆಂದು ಹರಕೆ ಹೊತ್ತೆ, ಹಲ್ಲು ಕಚ್ಚಿ ನಡೆಸಿಯೂ ಬಿಟ್ಟೆ. ಈಸ್ಟರ್ ಮಧ್ಯಾಹ್ನ ಊಟವಾಯಿತು, ತಟ್ಟೆ ಬಂತು, ಕೈ ಹೋಯಿತು. ಗೆದ್ದವನಿಗೆ ಬಹುಮಾನ ಕೊಟ್ಟುಕೊಂಡಂತೆ. ಮೂರೇ ದಿನದಲ್ಲಿ ಹಳೆಯ ಲೆಕ್ಕಕ್ಕೆ ಮರಳಿದ್ದೆ. ನಿನಗೆ ಈಗ ಆಗಿರುವ ನಾಚಿಕೆ ನನಗೆ ಆಗ ಆಯಿತು.

ಆಮೇಲೆ ಒಂದು ದಿನ ಬೈಬಲಿನಲ್ಲಿ ಪೌಲನು ಗಲಾತ್ಯದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯ ಓದುತ್ತಿದ್ದೆ. ಪವಿತ್ರಾತ್ಮನ ಫಲವನ್ನು ಹೇಳುವಲ್ಲಿ ಪ್ರೀತಿಯಿಂದ ಶುರುವಾಗಿ ಒಂಬತ್ತನೆಯದಾಗಿ, ಕೊನೆಗೆ ಬರುವ ಮಾತು ನಮ್ಮ ಸತ್ಯವೇದದಲ್ಲಿ 'ಶಮೆದಮೆ'. ಬಾಲ್ಯದಿಂದ ಬಾಯಿಪಾಠ ಮಾಡಿದ ಪದವನ್ನು ಅಂದು ಬಿಡಿಸಿ ನೋಡಿದೆ. ದಮೆ ಎಂದರೆ ಇಂದ್ರಿಯಗಳನ್ನು ಹಿಡಿಯುವುದು. ಶಮೆ ಎಂದರೆ ಮನಸ್ಸು ತಣ್ಣಗಾಗುವುದು. ಶಮೆ ಮೊದಲು ನಿಂತಿದೆ. ನಾನು ನಲವತ್ತು ದಿನವೂ ದಮೆಯನ್ನೇ ಜಗ್ಗಿದ್ದೆ. ಒಳಗಿನ ಕುದಿ ಹಾಗೆಯೇ ಇತ್ತು.

ನಾನು ಬಿದ್ದ ದಿನಗಳನ್ನು ಬರೆದಿಟ್ಟು ನೋಡಿದೆ. ನಿದ್ದೆಗೆಟ್ಟ ದಿನ, ಮಧ್ಯಾಹ್ನದ ಊಟ ತಪ್ಪಿದ ದಿನ, ಮೇಲಧಿಕಾರಿಯೊಡನೆ ಮಾತು ಬೆಳೆದ ದಿನ. ಪ್ರವಾದಿ ಎಲೀಯನು ಸಾಯಬೇಕೆಂದು ಮರದಡಿ ಮಲಗಿದಾಗ ದೇವರು ಅವನನ್ನು ಗದರಲಿಲ್ಲ. ನಿದ್ದೆ ಮಾಡಲು ಬಿಟ್ಟರು. ದೂತನ ಕೈಯಲ್ಲಿ ರೊಟ್ಟಿ, ನೀರು ಕಳಿಸಿದರು, ಅದೂ ಎರಡು ಸಲ. ಪ್ರಶ್ನೆ ಕೇಳಿದ್ದು ಆಮೇಲೆ. ಆ ದೇವರ ಮುಂದೆ ಕೂರಲು ನಿನಗೆ ಮುಖವಿಲ್ಲ ಎನ್ನುತ್ತೀಯಲ್ಲ, ಅದು ನಿಜವಲ್ಲ ಗೆಳೆಯಾ.

ಅಡಿಕೆಗೆ ಕೊಳೆರೋಗ ಬಾರದಿರಲೆಂದು ಅಪ್ಪ ತೋಟಕ್ಕೆ ಬೋರ್ಡೋ ಔಷಧಿ ಹೊಡೆಸುತ್ತಿದ್ದುದು ನೆನಪಿದೆಯೇ? ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕಲಸಿದ ಮೇಲೆ ಉಜ್ಜಿದ ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆಯುತ್ತಿದ್ದರು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ಅರ್ಥ, ಇನ್ನಷ್ಟು ಸುಣ್ಣದ ನೀರು ಸುರಿಯುತ್ತಿದ್ದರು. ಇದೆಲ್ಲ ಮುಂಗಾರು ಹಿಡಿಯುವ ಮುಂಚೆ, ಗೊನೆ ಒಣಗಿರುವಾಗಲೇ ಆಗಬೇಕು. ಕೊಳೆ ಬಂದು ಕಾಯಿ ಉದುರತೊಡಗಿದ ಮೇಲೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನನ್ನು ಹುಡುಕಿಕೊಂಡು ಓಡಿದರೆ ಆಗಲೇ ಅರ್ಧ ಫಸಲು ನೆಲದಲ್ಲಿರುತ್ತದೆ. ಅದೂ ಒಮ್ಮೆಗೆ ಮುಗಿಯುವುದಿಲ್ಲ, ನಲವತ್ತು ನಲವತ್ತೈದು ದಿನಕ್ಕೆ ಎರಡನೆಯ ಸಲ ಹೊಡೆಯಬೇಕು. ನಾನು ಮಾತ್ರ ಪ್ರತಿ ಸಲವೂ ಚಪಲ ಸುರಿಯತೊಡಗಿದ ಮೇಲೆ ಅದರ ಜೊತೆ ಹೋರಾಡುತ್ತಿದ್ದೆ.

ಈಗ ಬೆಳಿಗ್ಗೆ, ಮನಸ್ಸು ಒಣಗಿರುವಾಗ, ಕರ್ತನ ಪ್ರಾರ್ಥನೆಯನ್ನು ನಿಧಾನವಾಗಿ ಹೇಳುತ್ತೇನೆ. ಅನುದಿನದ ಆಹಾರವನ್ನು ಈ ಹೊತ್ತು ಕೊಡು ಎನ್ನುವಲ್ಲಿ ನಿಂತು, ಈ ಹೊತ್ತಿಗೆ ಮಾತ್ರ ಕೇಳುತ್ತೇನೆ. ನಲವತ್ತು ದಿನದ ಹರಕೆ ಮತ್ತೆ ಹೊತ್ತಿಲ್ಲ. ಅದೇ ಪ್ರಾರ್ಥನೆಯಲ್ಲಿ ಶೋಧನೆಯೊಳಗೆ, ಅಂದರೆ ಆಸೆಯ ಪರೀಕ್ಷೆಯೊಳಗೆ, ಸೇರಿಸದಿರು ಎಂದು ಬೇಡಿದವನು ಅಂಗಡಿಯ ಮುಂದೆಯೇ ಹಾದುಹೋಗುವುದು ಸರಿಯಲ್ಲವೆಂದು ಕಚೇರಿಯ ಹಿಂದಿನ ಗೇಟಿನಿಂದ ಹೊರಬಿದ್ದು ತುಂಗೆಯ ದಂಡೆಯ ಕಡೆಯಿಂದ ನಡೆದು ಮನೆಗೆ ಬರುತ್ತೇನೆ. ಅರ್ಧ ಗಂಟೆ ನಡಿಗೆ ತಾನಾಗಿ ಆಗುತ್ತದೆ. ಹತ್ತು ಗಂಟೆಗೆ ಮಲಗುತ್ತೇನೆ. ಊಟವಾದ ಮೇಲೆ ಅಮ್ಮ ಜೀರಿಗೆ ಕಷಾಯ ಕೊಡುತ್ತಾಳೆ. ನೆಂಟರ ಮನೆಯಲ್ಲಿ ತಟ್ಟೆ ಬಂದರೆ ಬೇಡವೆಂದು ಮುಖ ತಿರುಗಿಸುವುದಿಲ್ಲ, ಎರಡೂ ಕೈಯಲ್ಲಿ ತೆಗೆದುಕೊಂಡು ಪಕ್ಕದವರಿಗೆ ದಾಟಿಸುತ್ತೇನೆ. ಯಾರೂ ಬೇಸರಪಟ್ಟಿಲ್ಲ. ತಂಬಾಕು ಪೊಟ್ಟಣದ ಮೇಲೆಯೇ 1800-11-2356 ಎಂಬ ಉಚಿತ ಸಹಾಯವಾಣಿಯ ಸಂಖ್ಯೆ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಮೊದಲ ವಾರ ನಾನು ಅಲ್ಲಿಗೆ ಕರೆ ಮಾಡಿದ್ದೆ. ಸಹಾಯ ಕೇಳಿದರೆ ನಂಬಿಕೆ ಕಡಿಮೆಯಾಯಿತು ಎಂದು ತಿಳಿಯಬೇಡ.

ಹದಿನಾಲ್ಕು ತಿಂಗಳಾಯಿತು. ನಡುವೆ ಎರಡು ಸಲ ಬಿದ್ದೆ, ಎರಡೂ ಸಲ ಅಂದೇ ರಾತ್ರಿ ಮೊಣಕಾಲೂರಿ ಎದ್ದೆ. ಮೂರನೆಯ ಬೆರಳು ಇನ್ನೂ ಪೂರ್ತಿ ಒಳಗೆ ಹೋಗುವುದಿಲ್ಲ, ತುದಿ ಹೋಗುತ್ತದೆ. ಕಳೆದ ವಾರ ಮೊಸರನ್ನದ ಜೊತೆ ಅರ್ಧ ಮಿಡಿ ತಿಂದೆ. ಅಮ್ಮ ಊಟ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

ನಿನ್ನ ಕೆನ್ನೆಯ ಒಳಗನ್ನು ಈ ವಾರವೇ ವೈದ್ಯರಿಗೆ ತೋರಿಸು, ಮುಂದೂಡಬೇಡ. ಕಷ್ಟದ ಹೊತ್ತು ರಾತ್ರಿ ಒಂಬತ್ತು ಎಂದಿದ್ದೀಯ. ನಾಳೆಯಿಂದ ಎಂಟೂವರೆಗೆ ನಾನೇ ಕರೆ ಮಾಡುತ್ತೇನೆ, ಒಟ್ಟಿಗೆ ಪ್ರಾರ್ಥಿಸೋಣ. ಮೇ ಕೊನೆಗೆ ರಜೆ ಹಾಕಿ ಊರಿಗೆ ಬಾ. ಅಪ್ಪನಿಗೆ ಈಗ ಕೈ ನಡುಗುತ್ತದೆ, ಮೈಲುತುತ್ತ ಕರಗಿಸಲು ಜನ ಬೇಕು.

ನಿನ್ನ ಗೆಳೆಯ