ಮೊಬೈಲ್ ಚೀಟಿ ನಡೆಯಲ್ಲ ಅನ್ನಬೇಡಿ

ಮಾನ್ಯ ಸಂಪಾದಕರೇ,

ಸಾಗರದ ಕಡೆಯ ಒಂದು ಹೋಬಳಿಯಲ್ಲಿ ನನ್ನದು ಮೆಡಿಕಲ್ ಶಾಪ್. ನಮ್ಮ ಕಡೆಯ ಒಬ್ಬ ಕೊನೆಗೌಡ, ಅಂದರೆ ಅಡಕೆ ಮರ ಹತ್ತಿ ಕೊನೆ ಇಳಿಸುವವನು, ಕುಡಿತ ಬಿಟ್ಟು, ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್ ಮಾತ್ರೆ ತಗೊಳ್ತಿದ್ದಾನೆ. ಬರೆದುಕೊಟ್ಟ ಮನೋವೈದ್ಯರು ಇರುವುದು ಶಿವಮೊಗ್ಗದಲ್ಲಿ. ಅಡಕೆ ಕೊಯ್ಲಿನ ಹೊತ್ತಿಗೆ ಅಲ್ಲಿಗೆ ಹೋಗಿ ಬಂದರೆ ಆ ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಮಾತ್ರೆ ಮುಗಿದಾಗ ಎಷ್ಟೋ ಜನ ಚಿಕಿತ್ಸೆ ಬಿಡುವುದು ಇದೇ ಕಾರಣಕ್ಕೆ. ಇವನು ಮಾತ್ರ ಡಾಕ್ಟರ್ ಜೊತೆ ವಿಡಿಯೊದಲ್ಲಿ ಮಾತಾಡಿ, ವಾಟ್ಸ್ಆಪ್‌ನಲ್ಲಿ ಬಂದ ಚೀಟಿ ಹಿಡಿದು ಬರುತ್ತಾನೆ. ಪೇಟೆಯ ಅಂಗಡಿಯೊಂದರಲ್ಲಿ 'ಮೊಬೈಲ್ ಚೀಟಿ ನಡೆಯಲ್ಲ' ಎಂದು ವಾಪಸ್ ಕಳಿಸಿದ್ದರಂತೆ.

ನಡೆಯುತ್ತದೆ ಸ್ವಾಮಿ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ (ಫೋನ್, ವಿಡಿಯೊ ಮೂಲಕ ಚಿಕಿತ್ಸೆ) ಮಾರ್ಗಸೂಚಿಯಲ್ಲೇ ಇದೆ. ವೈದ್ಯರ ಸಹಿ, ನೋಂದಣಿ ಸಂಖ್ಯೆ ಇರುವ ಚೀಟಿಯ ಫೋಟೊ ಕಳಿಸಿದರೂ ಸಾಕು. ಮಾದಕ ವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾಯ್ದೆಯ ಔಷಧಗಳು, ಬಿಗಿ ನಿಯಂತ್ರಣದ ಶೆಡ್ಯೂಲ್ ಎಕ್ಸ್ ಔಷಧಗಳನ್ನು ಹೀಗೆ ಬರೆಯುವಂತಿಲ್ಲ. ನಾಲ್ಟ್ರೆಕ್ಸೋನ್ ಆಗಲಿ, ಕುಡಿತ ಬಿಡಿಸಲು ಕೊಡುವ ಇನ್ನೊಂದು ಮಾತ್ರೆ ಡೈಸಲ್ಫಿರಾಮ್ ಆಗಲಿ ಆ ಪಟ್ಟಿಯಲ್ಲಿಲ್ಲ.

ನನಗೆ ಹೆದರಿಕೆ ಇರುವುದು ಚೀಟಿಯೇ ಇಲ್ಲದೆ ಬರುವವರ ಬಗ್ಗೆ. 'ಕುಡಿತ ಬಿಡಿಸುವ ಮಾತ್ರೆ ಕೊಡಿ ಅಣ್ಣ, ಗೊತ್ತಾಗದ ಹಾಗೆ ಸಾರಿಗೆ ಹಾಕ್ತೀನಿ' ಎಂದು ಹೆಂಗಸರು ಕೇಳುತ್ತಾರೆ. ಅವರ ಸಂಕಟ ಗೊತ್ತು. ಆದರೆ ಡೈಸಲ್ಫಿರಾಮ್ ಒಳಗಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿತ ಏರಿ, ಬಿಪಿ ಇಳಿಯುತ್ತದೆ. ಜೀವಕ್ಕೇ ಕುತ್ತು ಬರಬಹುದು. ತಾನು ಏನು ತಿಂದಿದ್ದೇನೆ ಅಂತ ಕುಡಿಯುವವನಿಗೆ ಗೊತ್ತಿರಬೇಕಲ್ವಾ? ಹಾಗೆ ಕೇಳಿ ಬಂದವರನ್ನು ಅಲ್ಲೇ ಕೂರಿಸಿ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನ್ ಹಚ್ಚಿಕೊಡುತ್ತೇನೆ.

ಎಲ್ಲವೂ ಫೋನಿನಲ್ಲೇ ಆಗಲಿ ಅಂತಲ್ಲ. ದಿನಾ ಜಾಸ್ತಿ ಕುಡಿಯುವವರು ಏಕಾಏಕಿ ಬಿಟ್ಟರೆ ಕೈ ನಡುಕದಿಂದ ಶುರುವಾಗಿ ಫಿಟ್ಸ್‌ವರೆಗೂ ಹೋಗಬಹುದು. ಅಂಥವರಿಗೆ ಆಸ್ಪತ್ರೆಯೇ ಬೇಕು. ನಾಲ್ಟ್ರೆಕ್ಸೋನ್‌ಗೆ ಮೊದಲು ಲಿವರ್ ಟೆಸ್ಟ್ ಆಗಬೇಕು. ಆಮೇಲಿನ ತಿಂಗಳುಗಟ್ಟಲೆ ಮಾತ್ರೆಗೆ ಪ್ರತಿ ಸಲ ಬಸ್ ಹತ್ತಿಸುವುದು ಯಾಕೆ?

ಹೆರಾಯಿನ್ ಚಟಕ್ಕೆ ಕೊಡುವ ಬ್ಯುಪ್ರೆನಾರ್ಫಿನ್ ಎನ್‌ಡಿಪಿಎಸ್ ಅಡಿ ಬರುತ್ತದೆ, ಹಾಗಾಗಿ ವಿಡಿಯೊದಲ್ಲಿ ಬರೆಯುವಂತಿಲ್ಲ. ಅಮೆರಿಕದಲ್ಲಿ 2020ರ ಕೋವಿಡ್ ಕಾಲದಲ್ಲಿ ಅದನ್ನು ಫೋನಿನಲ್ಲಿ ಮಾತಾಡಿಯೇ ಶುರು ಮಾಡಲು ಬಿಟ್ಟರು. ನಶೆಗಾಗಿ ಕಳ್ಳದಾರಿಯಲ್ಲಿ ಮಾರಾಟವಾಗುವ ಮಾತ್ರೆ ಅದು, ನಮ್ಮವರ ಭಯ ಸುಮ್ನೆ ಅಲ್ಲ. ಆದರೂ ಒಮ್ಮೆ ಮುಖತಃ ನೋಡಿದ ರೋಗಿಗೆ, ವ್ಯಸನಮುಕ್ತಿ ಕೇಂದ್ರದ ನಿಗಾದಲ್ಲಿ, ಮುಂದಿನ ಚೀಟಿಗಾದರೂ ದಾರಿ ಮಾಡಬಹುದು.

ಆರೋಗ್ಯ ಇಲಾಖೆಗೆ ನನ್ನ ಕೋರಿಕೆ ಇಷ್ಟು: ರಕ್ತ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಲಿ, ಅಲ್ಲಿಂದಲೇ ಮನೋವೈದ್ಯರಿಗೆ ವಿಡಿಯೊ ಕರೆ ಹೋಗಲಿ, ಮಾತ್ರೆಯೂ ಅಲ್ಲೇ ಸಿಗಲಿ. ಮೊಬೈಲ್ ಚೀಟಿ ಬಗ್ಗೆ ನಮ್ಮಂಥ ಅಂಗಡಿಯವರಿಗೆ ಕನ್ನಡದಲ್ಲಿ ಒಂದು ಸುತ್ತೋಲೆ ಕಳಿಸಿ.

– ಒಬ್ಬ ಫಾರ್ಮಸಿಸ್ಟ್, ಸಾಗರ ತಾಲ್ಲೂಕು